ಸೈನ್ಯ ಪೆಟ್ಟಿಗೆಯಲ್ಲಿದೆ, ಪಾಳುನಗರ ನಾವೇ ಕಟ್ಟಬೇಕು: ವಾರ್‌ಹ್ಯಾಮರ್ 40,000 ಇಂಟ್ರೊಡಕ್ಟರಿ ಸೆಟ್

ಗೊಂಬೆಗಳಿಗೆ ಪೂರ್ಣ ಅಂಕ ಕೊಡಬಹುದು. ಆಟಕ್ಕೆ ಈಗಲೇ ಕೊಡುವಂತಿಲ್ಲ, ಯಾಕೆಂದರೆ ಆಟ ನಿಂತಿರುವುದೇ ಪಾಳುನಗರದ ಮೇಲೆ ಮತ್ತು ಆ ನಗರ ಈ ಪೆಟ್ಟಿಗೆಯಲ್ಲಿ ಇಲ್ಲ. ಮಂಗಳೂರು, ಉಡುಪಿ, ಮಣಿಪಾಲದ ಕಡೆ ಇದನ್ನು ತರಿಸಿಕೊಳ್ಳುವವರು ಎರಡು ವಿಷಯ ಮೊದಲೇ ತಿಳಿದಿರಬೇಕು: ಕಟ್ಟಡಗಳನ್ನು ಯಾವ ಲೆಕ್ಕದಲ್ಲಿ ಕಟ್ಟಬೇಕು, ಮಳೆಗಾಲದಲ್ಲಿ ಬಣ್ಣ ಮತ್ತು ಅಂಟು ಎಲ್ಲಿ ಕೈಕೊಡುತ್ತದೆ. ಪೆಟ್ಟಿಗೆಯ ಜೊತೆ ಬರುವ ಇಂಗ್ಲಿಷ್ ಪುಸ್ತಕ ಬರೆದವರ ಕಣ್ಣಮುಂದೆ ನಮ್ಮ ಜುಲೈ ತಿಂಗಳು ಇರಲಿಲ್ಲ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ತಂದ ಮೇಜಿನ ಮೇಲಿನ ಯುದ್ಧದ ಆಟ ಇದು. ಈಗ ಹೇಳುತ್ತಿರುವುದು 2023ರಲ್ಲಿ ಬಂದ 10ನೇ ಆವೃತ್ತಿಯ ಅತಿ ಚಿಕ್ಕ ಪೆಟ್ಟಿಗೆಯ ಬಗ್ಗೆ. ಕಥೆ ನಡೆಯುವುದು ಸುಮಾರು ನಲವತ್ತು ಸಾವಿರ ವರ್ಷಗಳ ಮುಂದೆ. ನಕ್ಷತ್ರಮಂಡಲದ ಆಚೆಯಿಂದ ಬಂದ ಟೈರನಿಡ್ ಎಂಬ ಜೀವಿಗಳು ಗ್ರಹಗಳಲ್ಲಿ ಜೀವ ಇರುವುದನ್ನೆಲ್ಲ ತಿಂದು ಮುಂದೆ ಸಾಗುತ್ತವೆ. ದಪ್ಪ ಕವಚ ತೊಟ್ಟ ಸ್ಪೇಸ್ ಮರೀನ್‌ಗಳು ಅವುಗಳನ್ನು ಹಾಳುಬಿದ್ದ ಊರುಗಳಲ್ಲಿ ತಡೆಯುತ್ತಾರೆ. ಪೆಟ್ಟಿಗೆಯಲ್ಲಿ ಒಟ್ಟು 16 ಗೊಂಬೆಗಳಿವೆ: ಬೆಂಕಿ ಉಗುಳುವ ಬಂದೂಕಿನ 5 ಇನ್ಫರ್ನಸ್ ಮರೀನ್, ಟೈರನಿಡ್ ಕಡೆಯ 10 ಟರ್ಮಗಾಂಟ್ ಮತ್ತು ಒಂದೇ ತಳದ ಮೇಲೆ ಗುಂಪಾಗಿ ಹೊರಳುವ ರಿಪ್ಪರ್ ಸ್ವಾರ್ಮ್. ಜೊತೆಗೆ ಬಣ್ಣ, ಕುಂಚ, ಕತ್ತರಿಸುವ ಪ್ಲೈಯರ್, ದಾಳಗಳು, ಅಳತೆಪಟ್ಟಿ, ನಿಯಮದ ಪುಸ್ತಕ ಸಿಗುತ್ತವೆ.

ಗೊಂಬೆಗಳು ಅಂಟಿಲ್ಲದೆ ಒತ್ತಿ ಕೂರಿಸುವ ಬಗೆಯವು. ಅಚ್ಚಿನ ಕೆಲಸ ಬಹಳ ನಾಜೂಕು, ಟರ್ಮಗಾಂಟಿನ ಬೆನ್ನಿನ ಚಿಪ್ಪಿನ ಗೀರುಗಳವರೆಗೆ ಸ್ಪಷ್ಟವಾಗಿ ಬಿದ್ದಿವೆ. ಬಿಡಿ ಭಾಗಗಳನ್ನು ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಸುವಾಗ ಕೈಯಿಂದ ತಿರುಚಿ ಕೀಳಬೇಡಿ, ಪ್ಲಾಸ್ಟಿಕ್ ಎಳೆದ ಜಾಗ ಬೆಳ್ಳಗಾಗಿ ಗುಳಿ ಬೀಳುತ್ತದೆ. ಮೊದಲು 2 ಮಿ.ಮೀ. ಬಿಟ್ಟು ಕತ್ತರಿಸಿ, ಉಳಿದ ತುಂಡನ್ನು ಎರಡನೇ ಸಲ ಮೈಗೆ ಸಮನಾಗಿ ತೆಗೆಯಿರಿ. ಅಚ್ಚಿನ ಎರಡು ಭಾಗ ಕೂಡಿದ ಕಡೆ ಉಳಿಯುವ ಸಣ್ಣ ಏಣನ್ನು ಕಟ್ಟರ್ ಬ್ಲೇಡಿನ ಬೆನ್ನಿನಿಂದ ಕೆರೆದರೆ ಸಾಕು. ಮರೀನ್‌ಗಳ ಎದೆ ಮತ್ತು ಬೆನ್ನಿನ ತುಂಡು ಪೂರ್ತಿ ಕೂರದೆ ಕೂದಲೆಳೆಯ ಸಂದು ಉಳಿದರೆ ಕಾರಣ ಗೂಟ ಬಿಗಿಯಾಗಿರುವುದು. ಗೂಟದ ತುದಿಯನ್ನು ಓರೆಯಾಗಿ ಅರ್ಧಕ್ಕೆ ಕತ್ತರಿಸಿ, ಒಂದು ತೊಟ್ಟು ಪ್ಲಾಸ್ಟಿಕ್ ಸಿಮೆಂಟ್ ಹಚ್ಚಿ ಒತ್ತಿ ಹಿಡಿಯಿರಿ. ಅಂಟು ಬೇಡ ಎಂದು ಪೆಟ್ಟಿಗೆ ಹೇಳಿದರೂ ಇಷ್ಟನ್ನು ಮಾಡುವುದು ಒಳ್ಳೆಯದು, ಕೆಳಗೆ ಬಿದ್ದಾಗ ತೋಳು ಕಳಚುವುದಿಲ್ಲ.

ಇನ್ನು ಯುದ್ಧಕ್ಕೆ ಬರೋಣ. ಅಂಕಿ ಹಾಕಿ ನೋಡಿದರೆ ಊರಿನ ಅಗತ್ಯ ತಾನಾಗಿ ಕಾಣುತ್ತದೆ. ಇನ್ಫರ್ನಸ್ ಮರೀನಿನ ಪೈರ್‌ಬ್ಲಾಸ್ಟರ್ 12 ಇಂಚು ದೂರ ಮುಟ್ಟುತ್ತದೆ. ಪ್ರತಿ ಮರೀನಿಗೆ ಒಂದು ದಾಳದಲ್ಲಿ ಬಿದ್ದಷ್ಟು ಏಟು, ಅವುಗಳಿಗೆ ಗುರಿ ತಪ್ಪುವ ಪ್ರಶ್ನೆಯೇ ಇಲ್ಲ. ಐವರಿಂದ ಸರಾಸರಿ 17 ಅಥವಾ 18 ಏಟು. ಬಂದೂಕಿನ ಬಲ 5, ಟರ್ಮಗಾಂಟಿನ ಗಟ್ಟಿತನ 3, ಹಾಗಾಗಿ ದಾಳದಲ್ಲಿ 3 ಅಥವಾ ಹೆಚ್ಚು ಬಿದ್ದರೆ ಗಾಯ. ಅಲ್ಲಿಗೆ ಹನ್ನೊಂದು ಹನ್ನೆರಡು ಗಾಯ ಉಳಿಯಿತು. ಟರ್ಮಗಾಂಟಿನ ಕವಚ ಅವುಗಳಲ್ಲಿ ಕೆಲವನ್ನು ಮಾತ್ರ ತಡೆಯುತ್ತದೆ. ಹತ್ತರಲ್ಲಿ ಏಳೆಂಟಾದರೂ ಒಂದೇ ಸರದಿಯಲ್ಲಿ ಸುಟ್ಟು ಹೋಗುತ್ತವೆ. ಅದೇ ಹತ್ತು ಟರ್ಮಗಾಂಟ್ 18 ಇಂಚು ದೂರದಿಂದ ಫ್ಲೆಶ್‌ಬೋರರ್ ಎಂಬ ತಮ್ಮ ಆಯುಧ ಹಾರಿಸಿದರೆ ಐದು ತಾಗಿ, ಮೂರು ಗಾಯವಾಗಿ, ಮರೀನ್ ಕವಚ ದಾಟುವುದು ಸರಾಸರಿ ಒಂದು. ಒಬ್ಬ ಮರೀನಿಗೆ ಎರಡು ಜೀವ, ಅಂದರೆ ಒಬ್ಬನೂ ಬೀಳುವುದಿಲ್ಲ.

ಬರಿ ಮೇಜಿನ ಮೇಲೆ ಆಡಿದರೆ ಟೈರನಿಡ್ ಕಡೆಯವರಿಗೆ ಎರಡು ಸರದಿಯಲ್ಲಿ ಕೆಲಸವೇ ಉಳಿಯುವುದಿಲ್ಲ. ಮಕ್ಕಳು ಒಂದು ಸಲ ಆಡಿ ಪೆಟ್ಟಿಗೆ ಮುಚ್ಚಿಟ್ಟರೆ ತಪ್ಪು ಮಕ್ಕಳದ್ದಲ್ಲ.

ಸೊಂಟದೆತ್ತರದ ನಾಲ್ಕು ಗೋಡೆ ಇಟ್ಟರೆ ಸಾಕೇ? ಸಾಲದು. ಪೂರ್ಣ ನಿಯಮದಲ್ಲಿ ಮರೆಯಲ್ಲಿ ನಿಂತವರಿಗೆ ಕವಚದ ದಾಳಕ್ಕೆ ಒಂದು ಅಂಕ ಹೆಚ್ಚು ಸಿಗುತ್ತದೆ. ಆದರೆ ಪೈರ್‌ಬ್ಲಾಸ್ಟರ್ ಮರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಚೆ ಕಡೆ, 3+ ಕವಚ (ದಾಳದಲ್ಲಿ 3 ಅಥವಾ ಹೆಚ್ಚು ಬಿದ್ದರೆ ಏಟು ತಡೆಯುವಂಥದ್ದು) ಇರುವ ಮರೀನಿಗೆ ಫ್ಲೆಶ್‌ಬೋರರಿನಂಥ, ಕವಚ ಸೀಳುವ ಶಕ್ತಿ ಇಲ್ಲದ ಆಯುಧದ ಎದುರು ಮರೆಯ ಲಾಭ ಸಿಗುವುದಿಲ್ಲ. ಅಂದರೆ ಈ ಪೆಟ್ಟಿಗೆಯ ಎರಡು ಮುಖ್ಯ ಆಯುಧಗಳ ಮಟ್ಟಿಗೆ ಅರ್ಧಗೋಡೆಯಿಂದ ಯಾರಿಗೂ ಪ್ರಯೋಜನ ಇಲ್ಲ. ಬೇಕಾದದ್ದು ನೋಟವನ್ನೇ ಪೂರ್ತಿ ಕಡಿಯುವ ಎತ್ತರದ ಗೋಡೆ. ಕಾಣದವರನ್ನು ಸುಡಲಾಗದು. ಟರ್ಮಗಾಂಟ್‌ಗಳು ಗೋಡೆಯಿಂದ ಗೋಡೆಗೆ ಸರಿದು, 12 ಇಂಚಿನ ಆಚೆ ನಿಂತು ಹೊಡೆದು, ಇನ್ನೊಂದು ಗುಂಪು ಪಕ್ಕದಿಂದ ನುಗ್ಗುವಂತಾದರೆ ಆಟಕ್ಕೆ ಜೀವ ಬರುತ್ತದೆ. ಹತ್ತನ್ನೂ ಒಂದೇ ಗುಂಪಾಗಿ ಇಡುವ ಬದಲು ಐದೈದರ ಎರಡು ಗುಂಪು ಮಾಡಿಕೊಳ್ಳಿ. ನಿಯಮ ಪ್ರಕಾರ ಗುಂಪು ಹತ್ತರದ್ದೇ, ಆದರೂ ಮನೆಯ ಆಟಕ್ಕೆ ಈ ಬದಲಾವಣೆ ಚೆನ್ನಾಗಿ ಹೊಂದುತ್ತದೆ.

ಈಗ ಊರು ಕಟ್ಟುವ ಕೆಲಸ. 44 ಇಂಚು ಉದ್ದ, 30 ಇಂಚು ಅಗಲದ ಜಾಗ ಸಾಕು, ನಾಲ್ಕು ಜನರ ಊಟದ ಮೇಜು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರ ಮೇಲೆ ಎಲ್ ಆಕಾರದ ಆರರಿಂದ ಎಂಟು ಪಾಳು ಕಟ್ಟಡ ಬೇಕು. ಒಂದೊಂದರ ತಳ 6 ಇಂಚಿಗೆ 4 ಇಂಚು, ಗೋಡೆ ಕನಿಷ್ಠ 5 ಇಂಚು ಎತ್ತರ, ಮಹಡಿ 3 ಇಂಚಿಗೆ ಒಂದು. ಎರಡನ್ನು ನಡುವಿನಲ್ಲಿ ಬೆನ್ನಿಗೆ ಬೆನ್ನು ಹಾಕಿ ಇಡಿ. ಉಳಿದವನ್ನು ಹರಡುವಾಗ ಯಾವ ಬೀದಿಯೂ 18 ಇಂಚಿಗಿಂತ ಉದ್ದ ನೇರವಾಗಿ ತೆರೆದಿರಬಾರದು. ನೆಲಮಟ್ಟದ ಕಿಟಕಿಗಳನ್ನು ಕಲ್ಲುಮಣ್ಣು ಬಿದ್ದಂತೆ ಮುಚ್ಚಿಬಿಡಿ. ಪೂರ್ಣ ನಿಯಮದಲ್ಲಿ ಪಾಳು ಕಟ್ಟಡದ ತಳವೇ ಆಚೆಯ ನೋಟವನ್ನು ಕಡಿಯುತ್ತದೆ, ಕಿಟಕಿ ಇದ್ದರೂ ಆಚೆ ಕಾಣದು. ಹೊಸಬರು ಕಣ್ಣಿಗೆ ಕಂಡದ್ದನ್ನೇ ನಂಬಿ ಆಡುವುದರಿಂದ ಕಿಟಕಿ ಮುಚ್ಚಿದರೆ ಜಗಳ ಇರುವುದಿಲ್ಲ. ಕಾಲಾಳುಗಳು ಪಾಳುಗೋಡೆಯನ್ನು ದಾಟಿ ಹೋಗಬಹುದು, ಹಾಗಾಗಿ ಒಳಗಿನ ನೆಲದಲ್ಲಿ ಅಲ್ಲಲ್ಲಿ 40 ಮಿ.ಮೀ. ಸಮತಟ್ಟು ಜಾಗ ಬಿಡಿ. ಮರೀನಿನ ತಳ 32 ಮಿ.ಮೀ. ಇದೆ, ಕಸಕಡ್ಡಿ ತುಂಬಿದರೆ ಗೊಂಬೆ ನಿಲ್ಲದೆ ಮಗುಚುತ್ತದೆ.

ವಸ್ತು ಯಾವುದು? ಗೋಡೆಗೆ 5 ಮಿ.ಮೀ. ಸನ್‌ಬೋರ್ಡ್ (ಹಗುರವಾದ ಪಿವಿಸಿ ಹಲಗೆ) ಎಂದು ಧೈರ್ಯವಾಗಿ ಹೇಳಬಹುದು. ಫ್ಲೆಕ್ಸ್ ಬ್ಯಾನರ್ ಮಾಡುವವರ ಬಳಿ ಕತ್ತರಿಸಿ ಉಳಿದ ತುಂಡುಗಳು ಸಿಗುತ್ತವೆ. ನೀರು ಹೀರುವುದಿಲ್ಲ, ಬಾಗುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ರಟ್ಟಿನ ಗೋಡೆ ಫೆಬ್ರವರಿಯಲ್ಲಿ ನೆಟ್ಟಗೆ ನಿಂತು ಜೂನ್ ಕೊನೆಗೆ ದೋಣಿಯ ಹಾಗೆ ಬಾಗುತ್ತದೆ. ರಟ್ಟೇ ಬಳಸುವುದಾದರೆ ಎರಡೂ ಮೈಗೆ ಫೆವಿಕಾಲ್ ಮೆರೈನ್ ಹಚ್ಚಿ, ಒಂದೇ ಮೈಗೆ ಹಚ್ಚಿದರೆ ಆ ಕಡೆ ಒಣಗುವಾಗ ಸೆಳೆದುಕೊಳ್ಳುತ್ತದೆ. ಟಿವಿ, ಫ್ರಿಜ್ ಪೆಟ್ಟಿಗೆಯ ಥರ್ಮೋಕೋಲ್ ಕಲ್ಲುಕುಪ್ಪೆ ಮಾಡಲು ಒಳ್ಳೆಯದು. ಅದಕ್ಕೆ ಫೆವಿಕ್ವಿಕ್ ಆಗಲಿ ಸ್ಪ್ರೇ ಬಣ್ಣವಾಗಲಿ ನೇರ ತಾಗಬಾರದು, ಎರಡೂ ಅದನ್ನು ಕರಗಿಸುತ್ತವೆ. ಮೊದಲು ಫೆವಿಕಾಲ್ ಬಳಿದು ಒಣಗಿಸಿ, ಆಮೇಲೆ ನೀರಿನ ಬಣ್ಣ.

ಆಟದ ಚಿತ್ರಗಳಲ್ಲಿ ಇರುವ ಗೋಥಿಕ್ ಕಮಾನುಗಳನ್ನೇ ಕಟ್ಟಬೇಕೆಂಬ ಕಟ್ಟಳೆ ಏನೂ ಇಲ್ಲ. ನಮ್ಮ ಕಣ್ಣಮುಂದೆ ಬೇರೊಂದು ಪಾಳುನಗರ ಸಿದ್ಧವಾಗಿದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನದಿಯಂಚಿನಲ್ಲಿ ಎದ್ದ ಕಾರ್ಖಾನೆಗಳು, ಅವುಗಳ ಎತ್ತರದ ಹೊಗೆಗೊಳವೆ, ಕುಸಿದ ಹಂಚಿನ ಮಾಡು, ಪಾಚಿ ಹಿಡಿದ ಮುರಕಲ್ಲಿನ ಗೋಡೆ. ಟೈರನಿಡ್‌ಗಳು ಗುರುಪುರ ಹೊಳೆಯ ಕಡೆಯಿಂದ ಹಂಚಿನ ಕಾರ್ಖಾನೆಗೆ ನುಗ್ಗುವ ಮೇಜು ಯಾವ ವಿದೇಶಿ ಪೆಟ್ಟಿಗೆಯಲ್ಲೂ ಸಿಗದು, ಮತ್ತು ನೋಡಲು ಬಹಳ ಚಂದ.

ಗೊಂಬೆಗಳ ಅಳತೆಗೆ, ಅಂದರೆ ಸುಮಾರು 1ಕ್ಕೆ 56ರ ಪ್ರಮಾಣದಲ್ಲಿ, ಮುರಕಲ್ಲು 7 ಮಿ.ಮೀ. ಉದ್ದ, 4 ಮಿ.ಮೀ. ಎತ್ತರ ಬರುತ್ತದೆ. ಸನ್‌ಬೋರ್ಡಿನ ಮೇಲೆ ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಸಾಲು ಗೀರಿ, ಒರಟು ಕಲ್ಲನ್ನು ಒತ್ತಿ ತೂತು ತೂತಾಗಿಸಿ. ಹಂಚಿಗೆ ಕೊರಿಯರ್ ಪೆಟ್ಟಿಗೆಯ ರಟ್ಟಿನ ಮೇಲ್ಕಾಗದ ಒದ್ದೆ ಮಾಡಿ ಸುಲಿಯಿರಿ, ಒಳಗಿನ ಅಲೆಯಲೆ ಹಾಳೆಯನ್ನು 8 ಮಿ.ಮೀ. ಪಟ್ಟಿಗಳಾಗಿ ಕತ್ತರಿಸಿ ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಅಂಟಿಸಿ. ಬಣ್ಣಕ್ಕೆ ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ, ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿ ಸಾಕು. ಒಂದು ಚಮಚ ಪುಡಿ, ಎರಡು ಚಮಚ ಫೆವಿಕಾಲ್, ನಾಲ್ಕು ಚಮಚ ನೀರು. ಒಣಗಿದ ಮೇಲೆ ತೆಳ್ಳಗಿನ ಕಪ್ಪುಹಸಿರು ನೀರುಬಣ್ಣವನ್ನು ಮೇಲಿನಿಂದ ಇಳಿಬಿಟ್ಟರೆ ಮಳೆಗಾಲದ ಪಾಚಿ ಹಾಗೆಯೇ ಬರುತ್ತದೆ.

ನೆಲಕ್ಕೆ ಪಣಂಬೂರು, ಮಲ್ಪೆಯ ಮರಳು ಹಾಕುವ ಆಸೆ ಸಹಜ. ಹಾಗೆಯೇ ಹಾಕಬೇಡಿ. ಮರಳಿನಲ್ಲಿರುವ ಉಪ್ಪು, ಗಾಳಿಯ ತೇವವನ್ನು ಎಳೆದುಕೊಂಡು ಬಿಳಿ ಪುಡಿ ಉಗುಳುತ್ತದೆ, ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಸಿಹಿನೀರಿನಲ್ಲಿ ಮೂರು ಸಲ ತೊಳೆದು, ಹಳೆಯ ಕಾವಲಿಯಲ್ಲಿ ಹುರಿದು ಆರಿಸಿ ಬಳಸಿ. ಮುರಕಲ್ಲಿನ ಪುಡಿ ಜರಡಿ ಹಿಡಿದು ಹಾಕುವುದಾದರೂ ಹುರಿಯಲೇಬೇಕು, ಇಲ್ಲದಿದ್ದರೆ ಬೂಸ್ಟು ಬರುತ್ತದೆ.

ಗೊಂಬೆಗೆ ಬಣ್ಣ ಹಚ್ಚುವ ವಿಷಯದಲ್ಲಿ ಕರಾವಳಿಯಲ್ಲಿ ಹೆಚ್ಚು ಕೆಡುವುದು ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ತಳಪದರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿ ಮುಟ್ಟದಿರುವುದು ಕ್ಷೇಮ. ಗಾಳಿಯ ತೇವ ಹನಿಗಳ ಜೊತೆ ಸೇರಿ ಮೈಮೇಲೆ ಮಂಜಿನಂಥ ಒರಟು ಪದರ ಕೂರುತ್ತದೆ, ಆ ನಾಜೂಕು ಗೀರುಗಳೆಲ್ಲ ಅಲ್ಲೇ ಮುಚ್ಚಿಹೋಗುತ್ತವೆ. ಆ ತಿಂಗಳುಗಳಲ್ಲಿ ಕುಂಚದಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ತೆಳ್ಳಗೆ ಎರಡು ಸಲ ಸಾಕು, ನಡುವೆ ಒಂದು ರಾತ್ರಿ ಬಿಡಿ. ಏಪ್ರಿಲ್, ಮೇಯಲ್ಲಿ ತೊಂದರೆ ಉಲ್ಟಾ: ಸೆಕೆಗೆ ಹನಿ ದಾರಿಯಲ್ಲೇ ಒಣಗಿ ಧೂಳಾಗಿ ಬೀಳುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲು, 20ರಿಂದ 25 ಸೆಂ.ಮೀ. ದೂರದಿಂದ, ಸಣ್ಣ ಸಣ್ಣ ಬೀಸಿನಲ್ಲಿ ಹೊಡೆಯಿರಿ. ಪ್ರೈಮರಿಗೆ ಮೊದಲು ಗೊಂಬೆಗಳನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸುವುದನ್ನು ಬಿಡಬೇಡಿ. ಬೆವರು ಕೈಯ ಜಿಡ್ಡು ಕೂತಲ್ಲಿ ಬಣ್ಣ ಹಿಡಿಯುವುದಿಲ್ಲ.

ಪೆಟ್ಟಿಗೆಯ ಬಣ್ಣದ ಡಬ್ಬಿಗಳು ಚಿಕ್ಕವು, ಮೊದಲ ಸೈನ್ಯಕ್ಕೆ ಸಾಕಾಗುತ್ತದೆ. ಮುಚ್ಚಳದ ಅಂಚಿನಲ್ಲಿ ಬಣ್ಣ ಗಟ್ಟಿಯಾಗಿ ಕೂತರೆ ಮುಚ್ಚಳ ಸರಿ ಕೂರದೆ ಡಬ್ಬಿಯೇ ಒಣಗುತ್ತದೆ, ಪ್ರತಿ ಸಲ ಒರೆಸಿ ಮುಚ್ಚಿ. ಗಾಳಿಯಾಡದ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಮೇಲೆ ಬೇಕಿಂಗ್ ಪೇಪರ್ ಇಟ್ಟು ಬಣ್ಣ ಕಲಸಿದರೆ ಫ್ಯಾನಿನಡಿಯಲ್ಲೂ ಒಣಗುವುದಿಲ್ಲ. ನಮ್ಮಲ್ಲಿ ಆ ಟಿಶ್ಯೂವನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು, ಇಲ್ಲದಿದ್ದರೆ ವಾಸನೆ ಬಂದು ಬೂಸ್ಟು ಹತ್ತುತ್ತದೆ. ಫೆವಿಕ್ವಿಕ್ ಗಟ್ಟಿಯಾಗುವುದೇ ತೇವದಿಂದ, ಹಾಗಾಗಿ ಮಳೆಯಲ್ಲಿ ಬೇಗ ಹಿಡಿದು ಸುತ್ತ ಬಿಳಿ ಆವಿಯ ಕಲೆ ಬಿಡುತ್ತದೆ. ಬಣ್ಣ ಹಚ್ಚಿದ ಗೊಂಬೆಯ ಮೇಲೆ ಅದನ್ನು ಬಳಸಬೇಡಿ.

ಪುಸ್ತಕ ಹಂತ ಹಂತವಾಗಿ ಕಲಿಸುತ್ತದೆ, ಜೋಡಣೆಯ ಚಿತ್ರಗಳೂ ಸ್ಪಷ್ಟ. ಕನ್ನಡದಲ್ಲಿ ಇಲ್ಲದಿರುವುದು ಕೊರತೆಯೇ. ಕನ್ನಡ ಮಾಧ್ಯಮದ ಮಕ್ಕಳ ಜೊತೆ ಆಡುವವರು ಐದು ಹಂತಗಳನ್ನು ಒಂದು ಕಾರ್ಡಿನ ಮೇಲೆ ಬರೆದಿಟ್ಟರೆ ಆಟ ಸರಾಗವಾಗುತ್ತದೆ: ಆಜ್ಞೆ, ಚಲನೆ, ಗುಂಡು, ನುಗ್ಗಾಟ, ಕೈಕೈ ಕಾಳಗ. ನುಗ್ಗಲು ಎರಡು ದಾಳ, 12 ಇಂಚಿನೊಳಗಿನ ಶತ್ರುವಿನ ಮೇಲೆ ಮಾತ್ರ.

ಊರು ಕಟ್ಟಲು ಸಮಯವೇ ಇಲ್ಲದವರಿಗೆ ಇದೇ ಸಾಲಿನ ಅಲ್ಟಿಮೇಟ್ ಸ್ಟಾರ್ಟರ್ ಸೆಟ್‌ನಲ್ಲಿ ಪ್ಲಾಸ್ಟಿಕ್ ಕಟ್ಟಡಗಳೂ ಬರುತ್ತವೆ, ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಬಣ್ಣ, ಕುಂಚ, ಪ್ಲೈಯರ್ ಒಂದೂ ಇಲ್ಲದ ಹೊಸಬರಿಗೆ ಮಾತ್ರ ಈ ಚಿಕ್ಕ ಪೆಟ್ಟಿಗೆಯೇ ಸರಿ.

ಆಟ ಮುಗಿದ ಮೇಲೆ ಎತ್ತಿಡುವಾಗ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಬಟ್ಟೆಯ ಕಪಾಟಿನಲ್ಲಿ ಇಡುವುದಾದರೆ ಅಲ್ಲಿರುವ ನಾಫ್ತಲೀನ್ ಗುಳಿಗೆಗಳನ್ನು ಮೊದಲು ತೆಗೆಯಿರಿ. ಈ ಗೊಂಬೆಗಳು ಪಾಲಿಸ್ಟೈರೀನ್, ನಾಫ್ತಲೀನಿನ ಆವಿ ಅದನ್ನು ಮೆತ್ತಗೆ ಮಾಡುತ್ತದೆ. ಹಾಗೆ ಮೆತ್ತಗಾದ ಪ್ಲಾಸ್ಟಿಕ್ಕನ್ನು ಸರಿಪಡಿಸುವ ದಾರಿ ಇಲ್ಲ.