ಜೆಡ್‌ಎಕ್ಸ್ ಸ್ಪೆಕ್ಟ್ರಂ 48ಕೆ: ಹಲವು ವರ್ಷಗಳ ಬಳಕೆಯ ನಂತರ

ಹಳೆಯ ಕಂಪ್ಯೂಟರ್ ಕೊಳ್ಳಬೇಕು, ಯಾವುದು ತಗೊಳ್ಳಲಿ ಎಂದು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದರ ಹೆಸರನ್ನೇ. ಕೇಂಬ್ರಿಡ್ಜ್‌ನ ಸಿಂಕ್ಲೇರ್ ರಿಸರ್ಚ್ ಇದನ್ನು 1982ರ ಏಪ್ರಿಲ್‌ನಲ್ಲಿ ಹೊರತಂದಾಗ 48ಕೆ, ಅಂದರೆ 48 ಕಿಲೋಬೈಟ್ ಮೆಮೊರಿಯ ಮಾದರಿಯ ಬೆಲೆ 175 ಪೌಂಡ್. ಆ ಕಾಲದ ಇನ್ನೊಂದು ಬ್ರಿಟಿಷ್ ಕಂಪ್ಯೂಟರ್ ಬಿಬಿಸಿ ಮೈಕ್ರೋದ ಬಿ ಮಾದರಿಗೆ ಆಗ 399 ಕೊಡಬೇಕಿತ್ತು.

ಇಷ್ಟು ಅಗ್ಗವಾದದ್ದು ಹೇಗೆ ಎಂಬುದು ಮುಚ್ಚಳ ಬಿಚ್ಚಿದರೆ ತಿಳಿಯುತ್ತದೆ. ಚಿತ್ರ, ಕೀಲಿಮಣೆ, ಕ್ಯಾಸೆಟ್, ಸದ್ದು ಎಲ್ಲವನ್ನೂ ಫೆರಾಂಟಿ ಕಂಪನಿಯವರು ಮಾಡಿಕೊಟ್ಟ ಯುಎಲ್ಎ ಎಂಬ ಒಂದೇ ಚಿಪ್ ನೋಡಿಕೊಳ್ಳುತ್ತದೆ. ಮೇಲಿನ 32ಕೆ ಮೆಮೊರಿಗೆ ಹಾಕಿದ್ದು ಅರ್ಧ ಭಾಗ ಕೆಟ್ಟಿದ್ದ 64 ಕಿಲೋಬಿಟ್ ಚಿಪ್‌ಗಳನ್ನು. ಚೆನ್ನಾಗಿದ್ದ ಅರ್ಧವನ್ನಷ್ಟೇ ಬಳಸಿಕೊಂಡರು. ಈ ಜಾಣತನಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ.

ಬಣ್ಣಗಳ ವಿಷಯದಲ್ಲಿ ಮಾತ್ರ ಆ ಉಳಿತಾಯ ಎದ್ದು ಕಾಣುತ್ತದೆ. ಪರದೆಯಲ್ಲಿ 256×192 ಚುಕ್ಕಿಗಳಿದ್ದರೂ 8×8ರ ಒಂದೊಂದು ಚೌಕಕ್ಕೆ ಎರಡೇ ಬಣ್ಣ. ಆಟದ ಬೊಂಬೆ ಮರದ ಮುಂದೆ ಬಂದರೆ ಮರದ ಬಣ್ಣ ಬೊಂಬೆಗೂ ಬಳಿದುಕೊಳ್ಳುತ್ತದೆ. ಸದ್ದಿಗೆ ಇರುವುದು ಬೀಪ್ ಅನ್ನುವ ಸಣ್ಣ ಸ್ಪೀಕರ್ ಅಷ್ಟೇ.

ರಬ್ಬರ್ ಕೀಲಿಗಳು 40. ಉದ್ದ ಬರಹಕ್ಕೆ ಖಂಡಿತ ಒಗ್ಗುವುದಿಲ್ಲ. ಆದರೆ ಇದರ ಪ್ರೋಗ್ರಾಂ ಭಾಷೆಯಾದ ಬೇಸಿಕ್‌ನಲ್ಲಿ ಸಾಲಿನ ಆರಂಭದಲ್ಲಿ 'ಪಿ' ಒತ್ತಿದರೆ 'ಪ್ರಿಂಟ್' ಎಂಬ ಇಡೀ ಆದೇಶವೇ ಮೂಡುತ್ತದೆ, 'ಜೆ' ಒತ್ತಿದರೆ 'ಲೋಡ್'. ಕೈ ಪಳಗಿದ ಮೇಲೆ ಪ್ರೋಗ್ರಾಂ ಬರೆಯಲು ಇದಕ್ಕಿಂತ ಚುರುಕಾದ ದಾರಿ ಬೇಡ ಅನಿಸುತ್ತದೆ.

ನನಗೆ ತುಂಬಾ ಇಷ್ಟವಾದದ್ದು ನಾವೇ ಅಕ್ಷರ ರೂಪಿಸಿಕೊಳ್ಳುವ ಸೌಲಭ್ಯ. ಎಂಟು ಸಾಲಿನ ಸೊನ್ನೆ-ಒಂದುಗಳನ್ನು ಬೇಸಿಕ್‌ನ 'ಬಿನ್' ಮತ್ತು 'ಪೋಕ್' ಪದಗಳನ್ನು ಬಳಸಿ ಮೆಮೊರಿಗೆ ಕೊಟ್ಟರೆ ಒಂದು ಅಕ್ಷರ ಸಿದ್ಧ; ಹೀಗೆ 21 ಅಕ್ಷರಗಳಿಗೆ ಜಾಗವಿದೆ. ಕನ್ನಡದ 'ರ', 'ಗ' ಒಂದೇ ಚೌಕದಲ್ಲಿ ಕೂರುತ್ತವೆ. 'ಮ', 'ಯ'ಗಳಿಗೆ ಅಕ್ಕಪಕ್ಕದ ಎರಡು ಚೌಕ ಬೇಕು, ಒತ್ತಕ್ಷರಕ್ಕೆ ಕೆಳಗಿನ ಸಾಲಿನಲ್ಲೂ ಜಾಗ ಬಿಡಬೇಕು. 21 ಸಾಲದಾದಾಗ ಅಕ್ಷರಗಳ ರೂಪ ಮೆಮೊರಿಯಲ್ಲಿ ಎಲ್ಲಿದೆ ಎಂದು ತೋರಿಸುವ, 23606ನೇ ವಿಳಾಸದಲ್ಲಿರುವ ಸೂಚಿಯನ್ನು ಬದಲಿಸಿ 96 ಅಕ್ಷರಗಳ ಹೊಸ ಗುಂಪನ್ನೇ ತೋರಿಸಬಹುದು. ಅಕ್ಷರವೆಂದರೆ ಮೆಮೊರಿಯಲ್ಲಿರುವ ಎಂಟು ಬೈಟ್ ಎಂದು ಇಷ್ಟು ನೇರವಾಗಿ ಕಲಿಸಿದ ಯಂತ್ರ ನನಗೆ ಬೇರೊಂದು ಸಿಕ್ಕಿಲ್ಲ.

ಕ್ಯಾಸೆಟ್‌ನಿಂದ ದೊಡ್ಡ ಆಟ ಲೋಡ್ ಆಗಲು ಐದು ನಿಮಿಷ ಹಿಡಿಯುತ್ತದೆ. ಪರದೆಯ ಅಂಚಿನಲ್ಲಿ ನೀಲಿ-ಹಳದಿ ಪಟ್ಟೆಗಳು ಓಡುತ್ತಿದ್ದರೆ ಸರಿ, ಕೊನೆಯಲ್ಲಿ 'ಟೇಪ್ ಲೋಡಿಂಗ್ ಎರರ್' ಬಂದರೆ ಮತ್ತೆ ಮೊದಲಿನಿಂದ. ನಾನೀಗ ಎಸ್‌ಡಿ ಕಾರ್ಡ್ ಸಾಧನ ಸಿಕ್ಕಿಸಿಕೊಂಡಿದ್ದೇನೆ.

ಕೊಳ್ಳುವವರು ಕೀಲಿಗಳಡಿಯ ಮೆಂಬ್ರೇನ್, ಅಂದರೆ ಕೀಲಿಯ ಒತ್ತನ್ನು ಗುರುತಿಸುವ ತೆಳು ಪ್ಲಾಸ್ಟಿಕ್ ಹಾಳೆ ನೋಡಿ. ವಯಸ್ಸಾದಂತೆ ಅದು ಒಣಗಿ ಸೀಳುತ್ತದೆ, ಹೊಸದು ಸಿಗುತ್ತದೆ. ಹಳೆಯ ಕೆಪಾಸಿಟರ್‌ಗಳನ್ನು ಬದಲಿಸಿಕೊಳ್ಳಿ. ಕೆಳಗಿನ 16ಕೆ ಚಿಪ್‌ಗಳಿಗೆ ಮೂರು ಬಗೆಯ ವೋಲ್ಟೇಜ್ ಬೇಕು, ಅದರಲ್ಲೊಂದು ತಪ್ಪಿದರೂ ಚಿಪ್‌ಗಳು ಸುಡುತ್ತವೆ. ಅಡಾಪ್ಟರ್ 9 ವೋಲ್ಟ್‌ನದು, ಪಿನ್ನಿನ ನಡುಭಾಗ ನೆಗೆಟಿವ್. ಈಗಿನ ಬಹುತೇಕ ಅಡಾಪ್ಟರ್‌ಗಳು ಇದಕ್ಕೆ ತಿರುವುಮುರುವು, ಹಾಗಾಗಿ ಮೀಟರ್ ಹಿಡಿದು ನೋಡದೆ ಚುಚ್ಚಲೇಬೇಡಿ.