ಪತ್ತೇದಾರಿ ಕಾದಂಬರಿ ಓದೋದಕ್ಕೆ ಇ-ರೀಡರ್: ನಾಲ್ಕು ವರ್ಷ ಬಳಸಿದ ಮೇಲೆ

ನಾಲ್ಕು ವರ್ಷದ ಹಿಂದೆ 11,000 ರೂಪಾಯಿ ಕೊಟ್ಟು ಒಂದು ಇ-ರೀಡರ್, ಅಂದರೆ ಇ-ಪುಸ್ತಕ ಓದುವ ಯಂತ್ರ, ತಗೊಂಡೆ. ಕಾಗದದ ಹಾಗೆ ಕಾಣುವ ಆರು ಇಂಚಿನ ಇ-ಇಂಕ್ ಪರದೆ, ಒಳಗೇ ಬೆಳಕು, ನೀರು ಬಿದ್ದರೂ ಕೆಡಲ್ಲ. ಇಂಥವುಗಳ ಬಗ್ಗೆ ತಗೊಂಡ ಮೊದಲ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ದಿನಾ ಬಳಸಿ ಹಳತು ಮಾಡಿದವರು ಬರೆದದ್ದು ಕಡಿಮೆ. ಅದರಲ್ಲೂ ನಾನು ಓದುವುದು ಹೆಚ್ಚಾಗಿ ಒಂದೇ ಬಗೆಯ ಪುಸ್ತಕ. ನಿದ್ದೆಯಿಲ್ಲದ ಇನ್ಸ್‌ಪೆಕ್ಟರ್, ಮೂವತ್ತು ವರ್ಷ ಯಾರೋ ಹೂತಿಟ್ಟ ಗುಟ್ಟು, ಗೊತ್ತಿದ್ದೂ ಬಾಯಿ ಬಿಡದ ಊರು. ಇಂಥ ಕರಾಳ ಪತ್ತೇದಾರಿ ಕಾದಂಬರಿ ಓದುವವರಿಗೆ ಈ ಯಂತ್ರ ಆಗಿಬರುತ್ತಾ ಅನ್ನುವುದಷ್ಟೇ ನನ್ನ ವಿಷಯ. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಬೆಲೆಯಲ್ಲಿ ಸಿಗುವವು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ.

ನನ್ನ ಓದು ಬಹುಪಾಲು ರೈಲಿನಲ್ಲಿ. ಮನೆ ತುಮಕೂರು, ಕೆಲಸ ಯಶವಂತಪುರದ ಹತ್ತಿರ. ಬೆಳಿಗ್ಗೆ ಹತ್ತಿದರೆ ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ ದಾಟಿ ಇಳಿಯುವಷ್ಟರಲ್ಲಿ ಎರಡು ಮೂರು ಅಧ್ಯಾಯ ಆಗುತ್ತದೆ. ಸೀಟು ಸಿಗದ ದಿನವೇ ಜಾಸ್ತಿ. ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನಾನೂರು ಪುಟದ ದಪ್ಪ ಪುಸ್ತಕ ಬಿಡಿಸಿ ಓದಲು ಆಗಲ್ಲ. ಇದು ಮೊಬೈಲಿನಷ್ಟೇ ತೂಕ. ಪುಟ ತಿರುಗಿಸಲು ಹೆಬ್ಬೆರಳು ಸಾಕು. ಕಿಟಕಿಯಿಂದ ನೇರ ಬಿಸಿಲು ಬಿದ್ದರೂ ಅಕ್ಷರ ಕಾಗದದ ಮೇಲಿದ್ದ ಹಾಗೇ ಕಾಣುತ್ತದೆ. ನನ್ನ ಜೊತೆ ದಿನಾ ಬರುವ ಒಬ್ಬರು ಮೊದಮೊದಲು ಕೇಳಿದ್ದರು, "ಏನ್ ಮೇಡಂ, ಯಾವಾಗ್ಲೂ ಸ್ಲೇಟು ನೋಡ್ತಾ ಇರ್ತೀರ, ಬರೆಯೋದೇ ಇಲ್ವಲ್ಲ?" ಈಗ ಅವರ ಹತ್ತಿರವೂ ಒಂದಿದೆ.

ಇನ್ನು ಮುಖ್ಯ ವಿಷಯ. ಪರದೆಯ ಕೆಳಗಿನ ಮೂಲೆಯಲ್ಲಿ ಒಂದು ಸಂಖ್ಯೆ ಕಾಣುತ್ತದೆ. ಪುಸ್ತಕದಲ್ಲಿ ಶೇಕಡಾ ಎಷ್ಟು ಓದಿದ್ದೀರಿ ಅನ್ನುವ ಲೆಕ್ಕ ಅದು. ಬೇರೆ ಪುಸ್ತಕಕ್ಕೆ ಅದು ಅನುಕೂಲ. ಪತ್ತೇದಾರಿ ಕಾದಂಬರಿಗೆ ಮಾತ್ರ ದೊಡ್ಡ ಹಾನಿ. ಇನ್ಸ್‌ಪೆಕ್ಟರ್ ಒಬ್ಬನನ್ನು ಹಿಡಿದು ಠಾಣೆಗೆ ತರುತ್ತಾನೆ. ಅವನು ತಪ್ಪು ಒಪ್ಪಿಕೊಳ್ಳುತ್ತಾನೆ. ಸತ್ತವಳ ತಾಯಿ ಅಳುತ್ತಾಳೆ, ಸಾಹೇಬರು ಪತ್ರಿಕೆಯವರನ್ನು ಕರೆಸುತ್ತಾರೆ. ಕೆಳಗೆ ನೋಡಿದರೆ 58. ಅಂದರೆ ಇವನಲ್ಲ! ಲೇಖಕರು ನೂರಾರು ಪುಟ ಕಷ್ಟಪಟ್ಟು ಕಟ್ಟಿದ್ದು ಆ ಎರಡಂಕಿಯಲ್ಲಿ ಬಿದ್ದುಹೋಗುತ್ತದೆ. ಕಾಗದದ ಪುಸ್ತಕದಲ್ಲೂ ಬಲಗೈಯಲ್ಲಿ ಉಳಿದ ಪುಟಗಳ ದಪ್ಪ ತಿಳಿಯುತ್ತದೆ, ನಿಜ. ಆದರೆ ಕಥೆ ಬಿಗಿಯಾದಾಗ ಕೈ ಅದನ್ನು ಮರೆತುಬಿಡುತ್ತದೆ. ಕಣ್ಣೆದುರಿನ ಸಂಖ್ಯೆಯನ್ನು ಮರೆಯಲು ಆಗಲ್ಲ.

ಇದರ ಇನ್ನೊಂದು ಮುಖವೂ ಇದೆ. ತುಂಬಾ ಇ-ಪುಸ್ತಕಗಳ ಕೊನೆಗೆ ಲೇಖಕರ ಮುಂದಿನ ಕಾದಂಬರಿಯ ಮೊದಲ ಅಧ್ಯಾಯ ಸೇರಿಸಿರುತ್ತಾರೆ. ಹೀಗಾಗಿ ಕಥೆ 91ಕ್ಕೇ ಮುಗಿದುಹೋಗುತ್ತದೆ. ಇನ್ನೂ ಒಂದು ತಿರುವು ಬಾಕಿ ಇದೆ ಅಂದುಕೊಂಡು ಪುಟ ತಿರುಗಿಸಿದರೆ ಬೇರೆ ಊರು, ಬೇರೆ ಹೆಣ. ಒಂದು ಒಳ್ಳೆಯ ಕಾದಂಬರಿಯ ಕೊನೆಯ ಸಾಲನ್ನು ನಾನು ಹೀಗೆ ಸುಮ್ನೆ ಓದಿ ದಾಟಿಬಿಟ್ಟಿದ್ದೆ. ಅದು ಕೊನೆಯ ಸಾಲು ಅಂತಲೇ ಗೊತ್ತಾಗಲಿಲ್ಲ. ಅದು ಇನ್ನೂ ಮನಸ್ಸಿಗೆ ನೋವು.

ಹಾಗಾಗಿ ತಗೊಂಡ ದಿನವೇ ಎರಡು ಕೆಲಸ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ಶೇಕಡಾ ಸಂಖ್ಯೆಯನ್ನೂ, ಅಧ್ಯಾಯ ಮುಗಿಯಲು ಇಷ್ಟು ನಿಮಿಷ ಅನ್ನುವುದನ್ನೂ ಮರೆಮಾಡಿ. ಬೇರೆ ಓದುಗರು ಗೆರೆ ಎಳೆದ ಸಾಲುಗಳನ್ನು ತೋರಿಸುವ ಸೌಲಭ್ಯ ಇದ್ದರೆ ಅದನ್ನೂ ಆಫ್ ಮಾಡಿ. ಒಂದು ಪಾತ್ರ ಸುಮ್ನೆ ಆಡಿದ ಮಾತಿನ ಕೆಳಗೆ ನೂರಾರು ಜನ ಗೆರೆ ಎಳೆದಿದ್ದಾರೆ ಅಂದರೆ ಆ ಮಾತು ಸುಮ್ನೆ ಅಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಹಿಂದಿನ ಪುಟಕ್ಕೆ ಹೋಗುವುದು ಈ ಯಂತ್ರದ ನಿಜವಾದ ಕೊರತೆ. ಹಳೇ ಗುಟ್ಟಿನ ಕಾದಂಬರಿಯನ್ನು ಯಾರೂ ನೇರವಾಗಿ ಓದುವುದಿಲ್ಲ. ಮುನ್ನೂರನೇ ಪುಟದಲ್ಲಿ ಒಂದು ನೀಲಿ ಕೊಡೆ ಬಂದರೆ, ಅದನ್ನು ಎಲ್ಲೋ ನೋಡಿದ್ದೆನಲ್ಲ ಅಂತ ಹಿಂದೆ ಹೋಗಲೇಬೇಕು. ಕಾಗದದಲ್ಲಾದರೆ ಎಡಗಡೆ ಪುಟ, ಮೇಲಿನಿಂದ ಮೂರನೇ ಪ್ಯಾರಾ, ಪಕ್ಕದಲ್ಲಿ ಕಾಫಿ ಕಲೆ ಅಂತ ಜಾಗ ನೆನಪಿರುತ್ತದೆ. ಇಲ್ಲಿ ಎಲ್ಲ ಪುಟವೂ ಒಂದೇ ಜಾಗ. ಅದಕ್ಕೆ ಬದಲಾಗಿ ಹುಡುಕುವ ಸೌಲಭ್ಯ ಇದೆ. 'ಕೊಡೆ' ಅಂತ ಟೈಪ್ ಮಾಡಿದರೆ ಬಂದ ಕಡೆಯೆಲ್ಲ ಸಾಲಾಗಿ ತೋರಿಸುತ್ತದೆ. ಐಸ್‌ಲ್ಯಾಂಡ್, ಸ್ವೀಡನ್ ಕಡೆಯ ಹೆಸರುಗಳು ನಮಗೆ ಬೇಗ ನೆನಪಿನಲ್ಲಿ ನಿಲ್ಲಲ್ಲ ಅಲ್ವಾ? ಇವಳು ಯಾರು, ಮೊದಲು ಎಲ್ಲಿ ಬಂದಿದ್ದಳು ಅಂತ ನೋಡಲು ಇದು ತುಂಬಾ ಸಹಾಯ. ಒಂದು ಎಚ್ಚರ: ನೀವು ನಿಂತಿರುವ ಜಾಗದಿಂದ ಮುಂದಿನ ಸಾಲುಗಳೂ ಆ ಪಟ್ಟಿಯಲ್ಲಿ ಬರುತ್ತವೆ. ಮೊದಲ ಎರಡು ಮೂರು ಸಾಲು ನೋಡಿ ಮುಚ್ಚಿಬಿಡಿ.

ಈ ಯಂತ್ರ ನನಗೆ ಕೊಟ್ಟ ದೊಡ್ಡ ಲಾಭ ಅಂದರೆ ಸರಣಿಗಳನ್ನು ಮೊದಲಿನಿಂದ ಓದಲು ಆದದ್ದು. ಇಲ್ಲಿನ ಅಂಗಡಿಗಳಲ್ಲಿ ಸಿಕ್ಕರೆ ನಾಲ್ಕನೆಯದು ಸಿಗುತ್ತದೆ, ಏಳನೆಯದು ಸಿಗುತ್ತದೆ, ಮೊದಲನೆಯದು ಸಿಗಲ್ಲ. ಪತ್ತೇದಾರನ ಬದುಕೂ ಕಥೆಯೊಳಗೇ ನಡೆಯುವ ಪುಸ್ತಕಗಳಿಗೆ ಕ್ರಮ ಬೇಕೇ ಬೇಕು. ಸ್ವೀಡನ್ನಿನ ಮಾಯ್ ಶೋವಾಲ್ ಮತ್ತು ಪೆರ್ ವಾಲೂ ಜೋಡಿ 1965ರಿಂದ 1975ರವರೆಗೆ ಮಾರ್ಟಿನ್ ಬೆಕ್ ಅನ್ನುವ ಪೊಲೀಸ್ ಅಧಿಕಾರಿಯ ಮೇಲೆ ಹತ್ತು ಕಾದಂಬರಿ ಬರೆದರು. ಇಬ್ಬರೂ ಒಂದೊಂದು ಅಧ್ಯಾಯ ಹಂಚಿಕೊಂಡು ಬರೆಯುತ್ತಿದ್ದರು. ಮೊದಲನೆಯದು ಶುರುವಾಗುವುದೇ ಕಾಲುವೆ ಹೂಳು ಎತ್ತುವಾಗ ಮೇಲೆ ಬಂದ ಒಂದು ಹೆಣದಿಂದ. ಆಮೇಲೆ ತಿಂಗಳುಗಟ್ಟಲೆ ಏನೂ ಆಗಲ್ಲ. ಕಾಗದ, ಫೋನು, ಕಾಯುವುದು. ಬೆಕ್‌ಗೆ ಹೊಟ್ಟೆ ನೋವು, ಶೀತ, ಮನೆಯಲ್ಲಿ ಮಾತು ಕಡಿಮೆ. ನಿಜವಾದ ತನಿಖೆ ಹೀಗೇ ಇರುತ್ತೆ ಅನ್ನಿಸುತ್ತದೆ. ಇವತ್ತಿನ ಎಷ್ಟೋ ಬೇಸತ್ತ ಇನ್ಸ್‌ಪೆಕ್ಟರ್‌ಗಳು ಈ ಮನುಷ್ಯನ ದಾರಿಯಲ್ಲೇ ಬಂದವರು.

1991ರಲ್ಲಿ ಶುರುವಾದ ಸ್ವೀಡನ್ನಿನವರೇ ಆದ ಹೆನ್ನಿಂಗ್ ಮಾಂಕೆಲ್ ಅವರ, ವಾಲಾಂಡರ್ ಅನ್ನುವ ಪೊಲೀಸ್ ಅಧಿಕಾರಿಯ ಸರಣಿಯನ್ನು ನಾನು ಎರಡು ಸಲ ಓದಿದ್ದೇನೆ. ವಾಲಾಂಡರನ ಅಪ್ಪ ಚಿತ್ರ ಬರೆಯುವವನು. ವರ್ಷಗಟ್ಟಲೆ ಒಂದೇ ಚಿತ್ರ, ಅದೇ ಕಾಡು, ಅದೇ ಬೆಳಕು. ಕೆಲವದರಲ್ಲಿ ಒಂದು ಕಾಡುಕೋಳಿ ಇರುತ್ತದೆ, ಕೆಲವದರಲ್ಲಿ ಇಲ್ಲ. ಅಷ್ಟೇ ವ್ಯತ್ಯಾಸ. ಮಗ ಪೊಲೀಸ್ ಸೇರಿದ್ದನ್ನು ಆ ಅಪ್ಪ ಕೊನೆತನಕ ಒಪ್ಪಲ್ಲ. ಯಾವ ಕೊಲೆಗಿಂತಲೂ ಆ ಅಪ್ಪ ಮಗನ ಮಾತುಕತೆ ನನಗೆ ಜಾಸ್ತಿ ನೆನಪಿದೆ. ಈಚೆಗೆ ಬರುವ ಎಷ್ಟೋ ಕಾದಂಬರಿಗಳಲ್ಲಿ ಇನ್ಸ್‌ಪೆಕ್ಟರ್‌ಗೆ ಕುಡಿತ, ಡೈವೋರ್ಸ್, ಕೆಟ್ಟ ಕನಸು ಎಲ್ಲವನ್ನೂ ಮೊದಲ ಅಧ್ಯಾಯದಲ್ಲೇ ಹೊರಿಸಿಬಿಡುತ್ತಾರೆ. ಆ ನೋವಿಗೂ ಕೇಸಿಗೂ ಸಂಬಂಧವೇ ಇರಲ್ಲ. ಅಂಥದ್ದನ್ನು ನಾನು ಅಲ್ಲಿಗೇ ಬಿಡುತ್ತೇನೆ. ಉಚಿತವಾಗಿ ಸಿಗುವ ಮಾದರಿ ಪುಟಗಳಲ್ಲಿ ಇದು ಮೊದಲೇ ತಿಳಿಯುತ್ತದೆ. ಆದರೆ ಮೊದಲ ಐದು ಪುಟ ನೋಡಿ ದುಡ್ಡು ಕೊಡಬೇಡಿ. ಯಾರೋ ಓಡುತ್ತಿರುತ್ತಾರೆ, ಮಳೆ ಬರುತ್ತಿರುತ್ತದೆ, ಅದನ್ನು ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ. ಮಾದರಿಯ ಕೊನೆಯ ಪುಟಗಳನ್ನು ಓದಿ. ಇಬ್ಬರು ಕೂತು ಮಾತಾಡುವುದನ್ನು ಹೇಗೆ ಬರೆದಿದ್ದಾರೆ ನೋಡಿ.

ಕ್ರಮದ ವಿಷಯದಲ್ಲಿ ಒಂದು ಮಾತು. ಐಸ್‌ಲ್ಯಾಂಡಿನ ಆರ್ನಾಲ್ದುರ್ ಇಂದ್ರಿದಾಸೊನ್ ಅವರ ಎರ್ಲೆಂದುರ್ ಅನ್ನುವ ಪತ್ತೇದಾರನ ಸರಣಿ ಇಂಗ್ಲಿಷಿಗೆ ಬಂದದ್ದು ಮೂರನೇ ಕಾದಂಬರಿಯಿಂದ. ಎಷ್ಟು ಹುಡುಕಿದರೂ ಮೊದಲಿನ ಎರಡು ನನಗೆ ಸಿಗಲಿಲ್ಲ. ಮೂರನೆಯದರಿಂದಲೇ ಶುರು ಮಾಡಿ, ಏನೂ ತೊಂದರೆ ಇಲ್ಲ. ಎರ್ಲೆಂದುರ್ ಚಿಕ್ಕವನಿದ್ದಾಗ ಹಿಮದ ಬಿರುಗಾಳಿಯಲ್ಲಿ ತಮ್ಮನನ್ನು ಕಳೆದುಕೊಂಡವನು. ತಮ್ಮ ಸಿಗಲೇ ಇಲ್ಲ. ಅದಕ್ಕೇ ಅವನಿಗೆ ಕೊಲೆಯಾದವರಿಗಿಂತ ಕಾಣೆಯಾದವರ ಮೇಲೇ ಮನಸ್ಸು. ಇಲ್ಲಿ ಪತ್ತೇದಾರನ ನೋವು ಮೇಲೆ ಅಂಟಿಸಿದ್ದಲ್ಲ. ಅವನು ಹೂತ ಎಲುಬು ಹುಡುಕುವುದಕ್ಕೆ ಕಾರಣವೇ ಆ ನೋವು.

ಆ ಸರಣಿಯ ಒಂದು ಕಾದಂಬರಿ ಒಂದು ಕೆರೆಯಿಂದ ಶುರುವಾಗುತ್ತದೆ. ಕ್ಲೇವರ್‌ವಾಟ್ನ್ ಅಂತ ಅದರ ಹೆಸರು, ನಿಜವಾದ ಜಾಗ. 2000ದಲ್ಲಿ ಭೂಕಂಪ ಆದ ಮೇಲೆ ಅದರ ನೀರು ಇಳಿಯುತ್ತಾ ಹೋಯಿತು. ಕಾದಂಬರಿಯಲ್ಲಿ ನೀರಿನ ಮಟ್ಟ ಅಳೆಯಲು ಹೋದವಳಿಗೆ ಒಣಗಿದ ತಳದಲ್ಲಿ ಅಸ್ಥಿಪಂಜರ ಸಿಗುತ್ತದೆ, ಅದಕ್ಕೆ ಕಟ್ಟಿದ ಒಂದು ಹಳೇ ರಷ್ಯನ್ ಯಂತ್ರದ ಜೊತೆ. ಇದನ್ನು ಓದಿದಾಗ ನಾನು ಪುಟ ತಿರುಗಿಸದೆ ಎಷ್ಟೋ ಹೊತ್ತು ಕಿಟಕಿ ಕಡೆ ನೋಡುತ್ತಾ ಕೂತಿದ್ದೆ. ನಮ್ಮಮ್ಮನ ಊರು ಮಧುಗಿರಿ ಕಡೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬರಗಾಲದಲ್ಲಿ ಊರ ಕೆರೆ ಪೂರ್ತಿ ಬತ್ತಿತು. ಅಂಗಳ ಬಿರುಕು ಬಿಟ್ಟಿತ್ತು. ತೂಬಿನ ಕಲ್ಲು ಬುಡದವರೆಗೆ ಕಾಣುತ್ತಿತ್ತು. ಅದರಾಚೆ ಒಂದು ಹಳೇ ಬಾವಿಯ ಕಟ್ಟೆ ಕಂಡಿತು. ಅಜ್ಜಿ ಏರಿ ಮೇಲೆ ನಿಂತು, "ಮದುವೆ ಆಗಿ ಬಂದ ವರ್ಷ ನೋಡಿದ್ದು ಆ ಬಾವೀನ" ಅಂದರು. "ಅಲ್ಲಿ ಏನಾಯ್ತಜ್ಜಿ?" ಅಂತ ಕೇಳಿದೆ. "ಏನಿಲ್ಲ, ನಡಿ ಮನೇಗೆ" ಅಂದರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಮುಂದಿನ ವರ್ಷ ಮಳೆ ಬಂತು, ಬಾವಿ ಮುಳುಗಿತು. ಅಜ್ಜಿ ಈಗಿಲ್ಲ. ಬಯಲುಸೀಮೆಯವರಿಗೆ ಈ ಪುಸ್ತಕಗಳು ದೂರದ ದೇಶದವು ಅನ್ನಿಸಲ್ಲ. ಕೆರೆ ಬತ್ತುವುದನ್ನು ನೋಡಿದವರಿಗೆ ಅವು ಬೇಗ ಅರ್ಥ ಆಗುತ್ತವೆ.

ಬ್ಯಾಟರಿ ವಿಷಯ ಬೇಗ ಹೇಳುತ್ತೇನೆ. ಇ-ಇಂಕ್ ಪರದೆಯೊಳಗೆ ಕಪ್ಪು ಬಿಳಿ ಕಣಗಳಿರುತ್ತವೆ. ವಿದ್ಯುತ್ತು ಕೊಟ್ಟಾಗ ಅವು ಜಾಗ ಬದಲಿಸಿ ಅಕ್ಷರವಾಗುತ್ತವೆ, ಆಮೇಲೆ ಹಾಗೇ ನಿಲ್ಲುತ್ತವೆ. ಪರದೆಗೆ ಕರೆಂಟು ಖರ್ಚಾಗುವುದು ಪುಟ ತಿರುಗಿಸಿದಾಗ ಮತ್ತು ಬೆಳಕಿಗೆ ಮಾತ್ರ. ಹೊಸದರಲ್ಲಿ ಮೂರು ವಾರ ಬರುತ್ತಿತ್ತು, ಈಗ ಎಂಟು ದಿನ. ರಾತ್ರಿ ಬೆಳಕು ಕಡಿಮೆ ಇಟ್ಟು, ಸ್ವಲ್ಪ ಹಳದಿ ಮಾಡಿಕೊಂಡರೆ ಪಕ್ಕದಲ್ಲಿ ಮಲಗಿದವರಿಗೆ ತೊಂದರೆ ಇಲ್ಲ. ಎರಡನೇ ವರ್ಷ ಪರದೆಯ ಮಧ್ಯೆ ಒಂದು ಗೆರೆ ಬಂತು. ಇಲ್ಲಿ ರಿಪೇರಿ ಮಾಡುವವರಿಲ್ಲ. ಕೊರಿಯರ್ ಮಾಡಿದ್ದಕ್ಕೆ, ಪರದೆ ಬದಲಿಸಲ್ಲ, ಹೊಸದಕ್ಕೆ ರಿಯಾಯಿತಿ ಕೊಡುತ್ತೇವೆ ಅಂದರು. ಚೆನ್ನಾಗಿರುವ ಯಂತ್ರವನ್ನು ಒಂದು ಗೆರೆಗೋಸ್ಕರ ಎಸೆಯುವುದು ಸರಿ ಅನ್ನಿಸಲಿಲ್ಲ. ವಾಪಸ್ ತರಿಸಿಕೊಂಡೆ. ಗೆರೆ ಇನ್ನೂ ಇದೆ, ಓದಿಗೆ ಅಡ್ಡಿ ಆಗಿಲ್ಲ. ಬ್ಯಾಗಿನಲ್ಲಿ ಟಿಫನ್ ಬಾಕ್ಸ್ ಜೊತೆ ಇಡಬೇಡಿ, ಗಟ್ಟಿ ಕವರ್ ಹಾಕಿಸಿ.

ನನಗೆ ನಿಜವಾಗಿ ಬೇಸರ ಇರುವುದು ಕನ್ನಡದ ವಿಷಯದಲ್ಲಿ. ಅಪ್ಪನಿಗೆ ಈಗ ಎಪ್ಪತ್ನಾಲ್ಕು. ಚಿಕ್ಕ ವಯಸ್ಸಿನಲ್ಲಿ ದಿನಕ್ಕೆ ಇಷ್ಟು ಪೈಸೆ ಅಂತ ಬಾಡಿಗೆಗೆ ಪುಸ್ತಕ ತಂದು ಓದಿದವರು. ಎನ್. ನರಸಿಂಹಯ್ಯನವರು ಬರೆದ ನೂರಾರು ಪತ್ತೇದಾರಿ ಕಾದಂಬರಿಗಳಲ್ಲಿ ಎಷ್ಟು ಓದಿದ್ದಾರೋ ಅವರಿಗೇ ಲೆಕ್ಕವಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ಸಣ್ಣ ಅಕ್ಷರ ಕಷ್ಟ. ಅಕ್ಷರ ದೊಡ್ಡದು ಮಾಡಬಹುದಾದ ಯಂತ್ರ ಅವರಿಗೇ ಹೇಳಿ ಮಾಡಿಸಿದ್ದು ಅಂದುಕೊಂಡೆ. ಆದರೆ ಅವರಿಗೆ ಬೇಕಾದ ಕನ್ನಡ ಪುಸ್ತಕ ಆ ರೂಪದಲ್ಲಿ ಇರಲಿಲ್ಲ. ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ, ಮಾಡಿದ ಹೊಸ ಕನ್ನಡ ಇ-ಪುಸ್ತಕಗಳು ಚೆನ್ನಾಗಿಯೇ ತೆರೆಯುತ್ತವೆ, ಒತ್ತಕ್ಷರವೂ ಸರಿ ಕೂರುತ್ತದೆ. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಹಾಕಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಆ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು, ಅದಕ್ಕೆ ಹಾಗೆ. ಇನ್ನು ಹಳೇ ಪುಸ್ತಕಗಳು ಸಿಗುವುದು ಸ್ಕ್ಯಾನ್ ಮಾಡಿದ ಪುಟಗಳಾಗಿ. ಅವು ಬರೀ ಚಿತ್ರ. ಬೇಕಾದಷ್ಟು ಅಕ್ಷರ ದೊಡ್ಡದು ಮಾಡಲು ಆಗಲ್ಲ, ಹುಡುಕಲೂ ಆಗಲ್ಲ. ಸ್ವೀಡನ್ನಿನ 1965ರ ಪುಸ್ತಕವನ್ನು ಅನುವಾದದಲ್ಲಿ ನಾನು ಎಷ್ಟು ದೊಡ್ಡ ಅಕ್ಷರದಲ್ಲಿ ಬೇಕಾದರೂ ಓದಬಹುದು. ಅದೇ ಕಾಲದ ಕನ್ನಡ ಪುಸ್ತಕವನ್ನು ಅಪ್ಪ ಹಾಗೆ ಓದಲು ಆಗಲ್ಲ. ಯಂತ್ರವನ್ನು ಬೈದು ಪ್ರಯೋಜನ ಇಲ್ಲ. ಪುಸ್ತಕಗಳನ್ನು ಯೂನಿಕೋಡ್‌ಗೆ ತರಬೇಕು, ಆ ಕೆಲಸ ಬೇಗ ಆಗಬೇಕು.

ಸದ್ಯಕ್ಕೆ ಒಂದು ಉಪಾಯ ಇದೆ. ಸ್ಕ್ಯಾನ್ ಪ್ರತಿ ಹಾಕಿ ಪರದೆಯನ್ನು ಅಡ್ಡ ತಿರುಗಿಸಿಕೊಳ್ಳಿ. ಒಂದು ಸಲಕ್ಕೆ ಅರ್ಧ ಪುಟ ಬರುತ್ತದೆ, ಅಕ್ಷರ ಸುಮಾರು ದೊಡ್ಡದಾಗುತ್ತದೆ. ಮನೆಯಲ್ಲಿ ಹಿರಿಯರಿಗೆ ಅಂತ ತಗೊಳ್ಳುವವರು ಎಂಟು ಇಂಚಿನ ಮೇಲಿನದನ್ನೇ ತಗೊಳ್ಳಿ, ನಾನು ಮುಂದಿನ ಸಲ ಹಾಗೇ ಮಾಡುತ್ತೇನೆ. ರೈಲಿಗೆ ಆದರೆ ಈ ಆರು ಇಂಚೇ ಸರಿ.

ಅಡ್ಡ ತಿರುಗಿಸಿದ್ದರಲ್ಲಿ ಅಪ್ಪ ರಾತ್ರಿ ಊಟ ಆದ ಮೇಲೆ ಇಪ್ಪತ್ತು ಪುಟ ಓದುತ್ತಾರೆ. ಹೋದ ವಾರ ಒಂದು ಹಳೇ ಗ್ರಂಥಾಲಯದ ಪ್ರತಿ ಓದುತ್ತಿದ್ದರು. ಹನ್ನೆರಡನೇ ಪುಟದ ಅಂಚಿನಲ್ಲಿ ಯಾವ ಕಾಲದಲ್ಲೋ ಯಾರೋ ಪೆನ್ಸಿಲ್‌ನಲ್ಲಿ 'ಅಳಿಯನೇ ಕೊಲೆಗಾರ' ಅಂತ ಬರೆದಿದ್ದರು. ಸ್ಕ್ಯಾನಿನಲ್ಲಿ ಅದೂ ಸ್ಪಷ್ಟವಾಗಿ ಬಂದಿತ್ತು. "ಅಯ್ಯೋ, ಬೇರೆ ಪುಸ್ತಕ ಹಾಕ್ಲಾಪ್ಪ?" ಅಂತ ಕೇಳಿದೆ. "ಬೇಡ ಬೇಡ. ಆಗೆಲ್ಲ ಸುಳ್ಳೂ ಬರೀತಿದ್ರು. ನೀನು ಬೆಳಕು ಸ್ವಲ್ಪ ಜಾಸ್ತಿ ಮಾಡು" ಅಂದರು.