ಹನ್ನೆರಡು ಕೆಂಪು ಗುಂಡುಗಳ ಲೆಕ್ಕ

ಒಂಬತ್ತನೆಯ ತರಗತಿಯ ಮಗಳಿಗೆಂದು ಮುಂಬಯಿಯ ದಾದರ್‌ನ ಅಂಗಡಿಯೊಂದರಲ್ಲಿ 450 ರೂಪಾಯಿ ಕೊಟ್ಟು ಗುಂಡು, ಕಡ್ಡಿಗಳನ್ನು ಜೋಡಿಸಿ ಅಣುಗಳನ್ನು ಕಟ್ಟುವ ಅಣುಮಾದರಿಯ ಪೆಟ್ಟಿಗೆಯೊಂದನ್ನು ಕೊಂಡೆ. ಸೂತ್ರದಲ್ಲಿ ಆವರಣದ ಹೊರಗಿನ ಅಂಕಿಯು ಒಳಗಿನ ಎಲ್ಲ ಪರಮಾಣುಗಳಿಗೂ ಅನ್ವಯಿಸುತ್ತದೆಂದು ನಾನು ಎಷ್ಟು ಸಲ ಹೇಳಿದರೂ ತಲೆಗೆ ಹತ್ತಿಸಿಕೊಳ್ಳದಿದ್ದ ಹುಡುಗಿ, ಗಂಧಕದ ಹಳದಿ ಗುಂಡೊಂದಕ್ಕೆ ಆಮ್ಲಜನಕದ ನಾಲ್ಕು ಕೆಂಪು ಗುಂಡುಗಳನ್ನು ಸಿಕ್ಕಿಸಿ ಸಲ್ಫೇಟ್ ಗುಂಪನ್ನು ಕಟ್ಟಿದ ಕೂಡಲೇ, ಅಲ್ಯೂಮಿನಿಯಂ ಸಲ್ಫೇಟಿನಲ್ಲಿ [Al₂(SO₄)₃] ಅಂಥ ಮೂರು ಗುಂಪುಗಳಿರುವುದರಿಂದ 3 ಗಂಧಕ, 12 ಆಮ್ಲಜನಕ ಮತ್ತು 2 ಅಲ್ಯೂಮಿನಿಯಂ ಸೇರಿ ಒಟ್ಟು 17 ಪರಮಾಣುಗಳೆಂದು ತಾನೇ ಎಣಿಸಿ ಹೇಳಿದಳು. ಮೂರನ್ನೂ ಕಟ್ಟಲು ಹೊರಟಾಗ ಮಾತ್ರ ಪೆಟ್ಟಿಗೆಯ ಜಿಪುಣತನ ತಿಳಿಯಿತು: ಕೆಂಪು ಗುಂಡುಗಳಿದ್ದದ್ದು ಎಂಟೇ. ಉಳಿದ ನಾಲ್ಕರ ಜಾಗಕ್ಕೆ ಅಡುಗೆಮನೆಯ ಕಡಲೆಕಾಳು ಬಂದಿತು.

ಮರಾಠಿ, ಇಂಗ್ಲಿಷ್ ಎರಡರಲ್ಲೂ ಇರುವ ಕೈಪಿಡಿಯ ದೋಷ ಇದಕ್ಕಿಂತ ದೊಡ್ಡದು. ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಹರಳಿನ ಸೂತ್ರದಲ್ಲಿ (CuSO₄·5H₂O) ಚುಕ್ಕೆಯ ನಂತರ ಬರುವ 5 ನೀರಿನ ಅಣುಗಳನ್ನು ಬಿಟ್ಟು, ಪರಮಾಣುಗಳು 6 ಎಂದು ಅಚ್ಚಾಗಿದೆ. ನೀರಿನ 15 ಸೇರಿಸಿದರೆ 21 ಆಗಬೇಕು. ಗುಂಡುಗಳ ಗುಣಮಟ್ಟ ಚೆನ್ನಾಗಿದೆ, ಕಡ್ಡಿಗಳು ಬಿಗಿಯಾಗಿ ಕೂರುತ್ತವೆ. ಕೊಳ್ಳುವವರು ಅಂಗಡಿಯಲ್ಲೇ ಕೆಂಪು ಗುಂಡುಗಳನ್ನು ಎಣಿಸಿಕೊಳ್ಳುವುದು ಒಳ್ಳೆಯದು.